ಪದ ಪರಿಚಯ: ಲೀಡರ್‌ಶಿಪ್ ಪ್ರೋಗ್ರಾಂ

ಪದವಿಗೆ ಸೀಟು ಸಿಕ್ಕಿತೆಂಬ ಪತ್ರದ ಬೆನ್ನಿಗೇ ಕೆಲವರಿಗೆ ಇನ್ನೊಂದು ಪತ್ರ ಬರುತ್ತದೆ. 'ನಮ್ಮ ಲೀಡರ್‌ಶಿಪ್ ಡೆವಲಪ್‌ಮೆಂಟ್ ಪ್ರೋಗ್ರಾಂಗೆ ಅರ್ಜಿ ಹಾಕಿ, ಆಯ್ಕೆಯಾಗುವವರು ಕೆಲವೇ ಮಂದಿ.' ಇದೇನು ಇನ್ನೊಂದು ಕೋರ್ಸೋ, ಸ್ಕಾಲರ್‌ಶಿಪ್ಪೋ, ಕ್ಲಬ್ಬೋ ಎಂಬ ಗೊಂದಲ ಸಹಜ. ಮೂರರ ಅಂಶವೂ ಅದರಲ್ಲಿದೆ, ಆದರೆ ಅದು ಮೂರೂ ಅಲ್ಲ.

ವಿಶ್ವವಿದ್ಯಾಲಯವು ತನ್ನ ಪದವಿ ವಿದ್ಯಾರ್ಥಿಗಳಲ್ಲಿ ಒಂದು ಸಣ್ಣ ಗುಂಪನ್ನು ಆರಿಸಿಕೊಂಡು, ಮಾಮೂಲಿ ಓದಿನ ಪಕ್ಕದಲ್ಲೇ ಒಂದೆರಡು ವರ್ಷವೋ ಪದವಿ ಮುಗಿಯುವ ತನಕವೋ ತರಬೇತಿ, ಮಾರ್ಗದರ್ಶನ, ನಿಜವಾದ ಹೊಣೆ ಕೊಟ್ಟು ಬೆಳೆಸುವ ವ್ಯವಸ್ಥೆ ಇದು. ವಿದ್ಯಾರ್ಥಿ ಸಂಘದಂತೆ ಇಲ್ಲಿ ಮತ ಹಾಕಿ ಗೆಲ್ಲಿಸುವುದಿಲ್ಲ. ಆನರ್ಸ್ ತರಗತಿಯಂತೆ ಅಂಕವೊಂದನ್ನೇ ನೋಡುವುದೂ ಇಲ್ಲ.

ಈ ಹೆಸರಿನಲ್ಲಿ ನನಗೆ ಯಾವಾಗಲೂ ತೊಡಕೆನಿಸುವುದು 'ಡೆವಲಪ್‌ಮೆಂಟ್' ಎಂಬ ಪದ. ನಾಯಕತ್ವವನ್ನು ಬೆಳೆಸಬಹುದು ಎಂದಾದರೆ ಬಾಗಿಲಲ್ಲೇ ಜರಡಿ ಹಿಡಿಯುವುದೇಕೆ? ಹುಟ್ಟಿನಿಂದಲೇ ಬಂದವರನ್ನು ಹೆಕ್ಕುವುದಾದರೆ ಆಮೇಲೆ ಬೆಳೆಸುವುದೇನನ್ನು? ಇಂಥ ಕಾರ್ಯಕ್ರಮಗಳ ಒಳ್ಳೆಯದೂ ಕೆಟ್ಟದ್ದೂ ಹುಟ್ಟುವುದು ಈ ಇಕ್ಕಟ್ಟಿನಲ್ಲೇ.

ಲೀಡರ್ ಎಂಬುದಕ್ಕೆ ನಮ್ಮಲ್ಲಿ ಪದಗಳಿಗೇನೂ ಬರವಿಲ್ಲ. 'ನಾಯಕ' ಎಂದರೆ ಕರೆದೊಯ್ಯುವವನು. ಸಂಸ್ಕೃತದ 'ನೀ' ಧಾತುವಿನಿಂದ ಬಂದದ್ದು. ಪತ್ರಿಕೆಗಳು ಧಾರಾಳವಾಗಿ ಬಳಸುವ 'ಧುರೀಣ'ದ ಒಳಗೆ ನೊಗವಿದೆ: ಧುರ ಎಂದರೆ ನೊಗ, ಅದನ್ನು ಹೊರಬಲ್ಲವನು ಧುರೀಣ. ನನಗೆ ಹೆಚ್ಚು ಇಷ್ಟ 'ಮುಂದಾಳು'. ಮುಂದೆ ನಿಂತ ಆಳು. 'ಆಳು' ನಾಮಪದವಾದರೆ ದುಡಿಯುವವನು, ಕ್ರಿಯಾಪದವಾದರೆ ಅಧಿಕಾರ ನಡೆಸುವುದು. ಆಳಾಗಬಲ್ಲವನು ಅರಸಾಗಬಲ್ಲ ಎಂಬ ಗಾದೆ ಇದೇ ಜಾಡಿನದು. ರಾಬರ್ಟ್ ಗ್ರೀನ್‌ಲೀಫ್ ಎಂಬ ಅಮೆರಿಕನ್ 1970ರಲ್ಲಿ 'ಸೇವಕನಾಗಿ ನಾಯಕ' ಎಂಬ ವಿಚಾರವನ್ನು ಪ್ರಬಂಧವೊಂದರಲ್ಲಿ ಮುಂದಿಟ್ಟರು. ಇಂದಿಗೂ ಈ ಕಾರ್ಯಕ್ರಮಗಳ ಪಾಠಪಟ್ಟಿಯಲ್ಲಿ ಅದಕ್ಕೆ ಜಾಗವಿದೆ.

ಬೇರು ಹುಡುಕಿ ಹೋದರೆ ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳಲ್ಲಿ ಹಣ ಮಾಡಿದ ಬ್ರಿಟಿಷ್ ಉದ್ಯಮಿ, ರಾಜಕಾರಣಿ ಸೆಸಿಲ್ ರೋಡ್ಸ್‌ನ ಉಯಿಲು ಸಿಗುತ್ತದೆ. 1902ರಲ್ಲಿ ತೀರಿಕೊಂಡ ಈತ ಆಕ್ಸ್‌ಫರ್ಡ್‌ನಲ್ಲಿ ಓದುವವರಿಗಾಗಿ ಹಣ ಬಿಟ್ಟುಹೋದ, ಅದೇ ರೋಡ್ಸ್ ವಿದ್ಯಾರ್ಥಿವೇತನ. ಬರೀ ಪುಸ್ತಕದ ಹುಳುಗಳು ಬೇಡ, ಗುಣ ಇರಬೇಕು, ಮುಂದೆ ನಿಂತು ನಡೆಸುವ ಹುಮ್ಮಸ್ಸಿರಬೇಕು ಎಂದು ಬರೆಸಿದ. ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆದದ್ದು 1977ರಲ್ಲಿ. 'ನಾಯಕ' ಎಂದಾಗ ಆರಿಸುವವರ ಕಣ್ಣಮುಂದೆ ಎಂಥ ಮುಖ ಬರುತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ರೋಡ್ಸ್ ಮಾದರಿಯನ್ನು ಪದವಿ ಹಂತಕ್ಕೆ ಇಳಿಸಿದ್ದು ಅಮೆರಿಕದ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯದ ಮೋರ್‌ಹೆಡ್ ವಿದ್ಯಾರ್ಥಿವೇತನ. 1945ರಲ್ಲಿ ಶುರುವಾದ ಅದರ ಈಗಿನ ಹೆಸರು ಮೋರ್‌ಹೆಡ್-ಕೇನ್. 1992ರಲ್ಲಿ ಅಮೆರಿಕದ ರಿಚ್ಮಂಡ್ ವಿಶ್ವವಿದ್ಯಾಲಯದಲ್ಲಿ ಜೆಪ್ಸನ್ ಶಾಲೆ ಎಂಬ ನಾಯಕತ್ವ ಅಧ್ಯಯನದ ವಿಭಾಗ ತೆರೆದ ಮೇಲೆ ನಾಯಕತ್ವವೇ ಪದವಿಯ ವಿಷಯವೂ ಆಯಿತು.

ಇನ್ನು ಆಯ್ಕೆ. ಅರ್ಜಿ, ಪ್ರಬಂಧ, ಶಿಫಾರಸು ಪತ್ರ, ಸಂದರ್ಶನ ಎಲ್ಲ ಕಡೆಯೂ ಇದ್ದದ್ದೇ. ಸ್ವಾರಸ್ಯವಿರುವುದು ಗುಂಪು ಪರೀಕ್ಷೆಯಲ್ಲಿ. ಒಂದು ಮೇಜು, ಆರು ಮಂದಿ, ಅರ್ಧ ಗಂಟೆ, ಕೈಗೊಂದು ಹಾಳೆ: ಇಷ್ಟು ಹಣವಿದೆ, ನಾಲ್ಕು ಯೋಜನೆಗಳಿವೆ, ಒಂದಕ್ಕೆ ಮಾತ್ರ ಕೊಡಬಹುದು. ಯಾರು ಮುಖ್ಯಸ್ಥರೆಂದು ಹೇಳಿರುವುದಿಲ್ಲ. ಗೋಡೆಯ ಪಕ್ಕ ಕುಳಿತ ಇಬ್ಬರು ಬಾಯಿ ಬಿಡದೆ ಬರೆದುಕೊಳ್ಳುತ್ತಿರುತ್ತಾರೆ. ಮೊದಲ ನಿಮಿಷದಲ್ಲೇ ಒಬ್ಬ ಪೆನ್ನು ಹಿಡಿದು ಬೋರ್ಡಿನ ಬಳಿ ಹೋಗುತ್ತಾನೆ. ಎಲ್ಲರ ಕಣ್ಣೂ ಅವನ ಮೇಲೆ. ಹದಿನೈದನೇ ನಿಮಿಷಕ್ಕೆ ಮೂಲೆಯಲ್ಲಿದ್ದ ಹುಡುಗಿ, 'ಅವರು ಆಗಲೇ ಏನೋ ಹೇಳಲು ಹೊರಟಿದ್ದರು, ಪೂರ್ತಿ ಕೇಳೋಣ' ಎಂದು ಪಕ್ಕದವನತ್ತ ಕೈ ತೋರಿಸುತ್ತಾಳೆ. ಚರ್ಚೆ ತಿರುಗುವುದು ಅಲ್ಲಿಂದ. ಗೋಡೆಯ ಪಕ್ಕದವರು ಚುರುಕಾಗಿದ್ದರೆ ಬರೆದುಕೊಳ್ಳುವುದು ಆ ಒಂದು ಮಾತನ್ನು. ಇಲ್ಲದಿದ್ದರೆ ಬೋರ್ಡಿನವನ ಹೆಸರನ್ನು. ಹೆಚ್ಚು ಹೊತ್ತು ಮಾತಾಡಿದವರನ್ನೇ, ಆಡಿದ್ದು ಏನೇ ಇರಲಿ, ನಾಯಕರೆಂದು ಜನ ಎಣಿಸುತ್ತಾರೆ ಎಂಬುದು ಸಂಶೋಧಕರೂ ಕಂಡುಕೊಂಡ ಸಂಗತಿ.

ಮುಖ್ಯಸ್ಥನಿಲ್ಲದ ಗುಂಪಿಗೆ ಕೆಲಸ ಕೊಟ್ಟು ನೋಡುವ ಈ ಪದ್ಧತಿ ಬಂದಿದ್ದು ಸೈನ್ಯದಿಂದ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ಸೈನ್ಯ ಅಧಿಕಾರಿಗಳ ಆಯ್ಕೆಗೆ ಹೊಸ ಮಂಡಳಿಗಳನ್ನು ಮಾಡಿದಾಗ ಮನೋವೈದ್ಯ ವಿಲ್ಫ್ರೆಡ್ ಬಯಾನ್ ಇದನ್ನು ರೂಪಿಸಿದರು. ಅವರು ನೋಡಲು ಬಯಸಿದ್ದು, ತಾನು ಗೆಲ್ಲಬೇಕೆಂಬ ಒತ್ತಡದ ನಡುವೆಯೂ ಪಕ್ಕದವನ ಕಡೆ ಗಮನ ಉಳಿಯುತ್ತದೆಯೇ ಎಂಬುದನ್ನು.

ಆಯ್ಕೆಯಾದವರ ತಂಡವನ್ನು 'ಕೋಹಾರ್ಟ್' ಎನ್ನುತ್ತಾರೆ. ಇದೂ ದಂಡಿನ ಪದವೇ, ಲೀಜನ್ ಎಂಬ ರೋಮನ್ ಸೇನಾ ದಳದ ಹತ್ತನೇ ಒಂದು ಪಾಲು. ನಮ್ಮ 'ಬ್ಯಾಚ್' ಸಾಕು, ಆದರೆ ಕೋಹಾರ್ಟ್ ಎಂದಾಗ ಒಟ್ಟಿಗೆ ಒಳಬಂದು ಒಟ್ಟಿಗೆ ಹೊರಹೋಗುವವರು ಎಂಬ ಒತ್ತು ಹೆಚ್ಚು. ವರ್ಷಗಳಾದ ಮೇಲೆ ಸೆಮಿನಾರು ಮರೆತುಹೋಗುತ್ತದೆ, ಕೋಹಾರ್ಟ್ ಉಳಿಯುತ್ತದೆ.

ಒಳಗೆ ನಡೆಯುವುದನ್ನು ಬೇಗ ಹೇಳಿಬಿಡಬಹುದು: ವಾರದ ಸೆಮಿನಾರು, ಮೆಂಟರ್, ಸಮುದಾಯದ ಕೆಲಸ, ರಜೆಯಲ್ಲಿ ಇಂಟರ್ನ್‌ಶಿಪ್. ಕೆಲವು ಕಡೆ ಬೆಟ್ಟ-ಕಾಡಿನ ಶಿಬಿರ. ಮೋರ್‌ಹೆಡ್-ಕೇನ್‌ನವರ ಮೊದಲ ಬೇಸಿಗೆ ಕಳೆಯುವುದೇ ಹಾಗೆ. 1996ರಲ್ಲಿ ಅಮೆರಿಕದ ಶಿಕ್ಷಣ ತಜ್ಞರು ರೂಪಿಸಿದ, ನಾಯಕತ್ವ ಎಂದರೆ ಹುದ್ದೆಯಲ್ಲ, ಒಟ್ಟುಗೂಡಿ ಬದಲಾವಣೆ ತರುವುದು ಎನ್ನುವ 'ಸಾಮಾಜಿಕ ಬದಲಾವಣೆ ಮಾದರಿ'ಯನ್ನು ಬಹಳ ಕಾಲೇಜುಗಳು ಹಿಡಿದಿವೆ. ಅದರ ಮೌಲ್ಯಗಳ ಪಟ್ಟಿಯಲ್ಲಿ ಮರ್ಯಾದೆ ಮೀರದೆ ಭಿನ್ನಾಭಿಪ್ರಾಯ ಹೇಳುವುದೂ ಒಂದು. ಜಗಳವಾಡುವುದನ್ನೂ ಕಲಿಸಬೇಕೇ ಎಂದು ನಗಬೇಡಿ. ವಾಟ್ಸ್ಯಾಪ್ ಗ್ರೂಪೊಂದರಲ್ಲಿ ಐದು ನಿಮಿಷ ಕಳೆದವರಿಗೆ ಉತ್ತರ ಗೊತ್ತು.

ಇಷ್ಟರಲ್ಲಿ ತಿರುಳು ಯಾವುದೆಂದರೆ 'ಡೀಬ್ರೀಫ್', ಅಂದರೆ ಕೆಲಸ ಮುಗಿದ ಮೇಲೆ ಕುಳಿತು ಬಿಡಿಸಿ ನೋಡುವುದು. ವಿದ್ಯಾರ್ಥಿನಿಯೊಬ್ಬಳು ಇನ್ನೂರು ಜನರ ಕಾರ್ಯಕ್ರಮದ ಹೊಣೆ ಹೊತ್ತಿದ್ದಾಳೆ ಎನ್ನಿ. ಬಸ್ಸು ಬರಲಿಲ್ಲ, ಎಲ್ಲ ಒಂದು ಗಂಟೆ ತಡ. ಮರುದಿನ ಮೆಂಟರ್ ಬೈಯುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ.

'ಬಸ್ಸಿಲ್ಲ ಅಂತ ಗೊತ್ತಾದಾಗ ಮೊದಲು ಯಾರಿಗೆ ಫೋನ್ ಮಾಡಿದೆ?'

'ಯಾರಿಗೂ ಇಲ್ಲ ಮೇಡಂ. ನಾನೇ ಸರಿಮಾಡೋಣ ಅಂದ್ಕೊಂಡೆ.'

'ಎಷ್ಟು ಹೊತ್ತು?'

'ನಲವತ್ತು ನಿಮಿಷ.'

ಆ ನಲವತ್ತು ನಿಮಿಷವೇ ಅವತ್ತಿನ ಪಾಠ. ಬೆಳೆಸುವುದು ಎಂಬ ಮಾತಿಗೆ ಅರ್ಥ ಇದ್ದರೆ ಅದು ಇಂಥ ಮಾತುಕತೆಯಲ್ಲಿದೆ; ಗಣ್ಯರ ಭಾಷಣ, ಪಂಚತಾರಾ ಹೋಟೆಲಿನ ಊಟ, ಲಿಂಕ್ಡ್‌ಇನ್ ಫೋಟೋಗಳಲ್ಲಿ ಅಲ್ಲ.

ಆಕ್ಷೇಪಣೆಗಳಿವೆ, ಅವುಗಳಲ್ಲಿ ಹುರುಳೂ ಇದೆ. ಶಾಲೆಯಲ್ಲೇ ಡಿಬೇಟ್, ನಾಟಕ, ಕ್ಯಾಪ್ಟನ್‌ಗಿರಿಯ ಅವಕಾಶ ಸಿಕ್ಕ ಮಕ್ಕಳ ಅರ್ಜಿ ತಾನಾಗಿಯೇ ಮಿಂಚುತ್ತದೆ. ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಂಡು, ಸಂಜೆ ಅಂಗಡಿಯಲ್ಲಿ ದುಡಿದವನಿಗೆ ಅದನ್ನೂ ನಾಯಕತ್ವ ಎಂದು ಬರೆಯಬಹುದೆಂದು ಹೇಳಿಕೊಟ್ಟವರಿರುವುದಿಲ್ಲ. ಕೆಲವು ವಿಶ್ವವಿದ್ಯಾಲಯಗಳು ಅರ್ಜಿಯಲ್ಲಿ ಮನೆಯ ಹೊಣೆಗಾರಿಕೆಯನ್ನೂ ಕೇಳುವುದು ಇದಕ್ಕೇ. ಆದರೆ ಬಹುಪಾಲು ಅರ್ಜಿಗಳಲ್ಲಿ ಇಂದಿಗೂ 'ನೀವು ವಹಿಸಿದ ಹುದ್ದೆಗಳು' ಎಂಬ ಖಾಲಿ ಜಾಗವೇ ದೊಡ್ಡದು.

ನಿಮ್ಮ ಮನೆಯಲ್ಲಿ ಯಾರಾದರೂ ಅರ್ಜಿ ತುಂಬುತ್ತಿದ್ದರೆ, ಸಂದರ್ಶನದ ಕೊನೆಗೆ 'ನೀವೇನಾದರೂ ಕೇಳುವುದಿದೆಯೇ' ಎಂದಾಗ ಕೇಳಲೊಂದು ಪ್ರಶ್ನೆ: 'ಮೂರನೇ ವರ್ಷ ನನ್ನ ಕೈಗೆ ಏನು ಕೊಡುತ್ತೀರಿ?' ಬಜೆಟ್, ತಂಡ, ಕೆಟ್ಟುಹೋಗಬಹುದಾದ ಒಂದು ಕೆಲಸ ಎಂಬ ಉತ್ತರ ಬಂದರೆ ಸರಿ. ಸರ್ಟಿಫಿಕೇಟ್ ಎಂದರೆ, ಅದಕ್ಕೆ ಎರಡು ದಿನದ ಕಾರ್ಯಾಗಾರವೇ ಸಾಕಿತ್ತು.