ಬನಿಯನ್ ಬಟ್ಟೆಗೆ ಯಾವ ಸೂಜಿ?

ಶಿರಸಿಯ ನಮ್ಮ ಹೊಲಿಗೆ ಕ್ಲಾಸಿನಲ್ಲಿ ಕಾಟನ್ ರವಿಕೆ ಹೊಲಿಯುವಷ್ಟು ದಿನ ಎಲ್ಲ ಚೆನ್ನಾಗಿತ್ತು. ಟೀ ಶರ್ಟ್ ಬಟ್ಟೆ ಕೈಗೆ ಬಂದ ದಿನ ನಾಲ್ಕು ಹೊಲಿಗೆ ಬಿದ್ದರೆ ಐದನೆಯದು ತಪ್ಪಿತು. ನಾನು ಟೆನ್ಶನ್ ತಿರುಗಿಸಿದೆ, ಬಾಬಿನ್ ಕೇಸ್ ಬಿಚ್ಚಿದೆ, ಎಣ್ಣೆ ಬಿಟ್ಟೆ. ತಪ್ಪು ಇದ್ದದ್ದು ಸೂಜಿಯಲ್ಲಿ.

ಯಾಕೆ ಅಂತ ಒಮ್ಮೆ ಕಣ್ಣಾರೆ ನೋಡಿ. ಚಕ್ರವನ್ನು ಕೈಯಲ್ಲೇ ನಿಧಾನ ತಿರುಗಿಸಿ. ಸೂಜಿ ಪೂರ್ತಿ ಇಳಿದು ಚೂರು ಮೇಲೆ ಬರುವಾಗ, ಅದರ ಕಣ್ಣಿನ ಹತ್ತಿರ ದಾರ ಸಣ್ಣ ಕುಣಿಕೆಯಾಗುತ್ತದೆ. ಬಟ್ಟೆಯ ಕೆಳಗೆ ತಿರುಗುವ ಶಟಲ್‌ನ ಕೊಕ್ಕೆ ಆ ಕುಣಿಕೆ ಹಿಡಿದರೆ ಮಾತ್ರ ಹೊಲಿಗೆ. ಹಿಗ್ಗುವ ಬಟ್ಟೆ ಸೂಜಿಯನ್ನು ಬಿಗಿಯಾಗಿ ಹಿಡಿದು ಅದರ ಜೊತೆಗೇ ಮೇಲೇಳುತ್ತದೆ. ಕುಣಿಕೆ ಸರಿಯಾಗಿ ಆಗುವುದೇ ಇಲ್ಲ. ಕೊಕ್ಕೆ ಸುಮ್ನೆ ತಿರುಗಿ ಹೋಗುತ್ತದೆ.

ಇನ್ನೊಂದು ತೊಂದರೆ ತೂತಿನದು. ಬನಿಯನ್ ಬಟ್ಟೆ ನೇಯ್ದದ್ದಲ್ಲ, ಸ್ವೆಟರಿನ ಹಾಗೆ ಹೆಣೆದದ್ದು. ಚೂಪು ಸೂಜಿ ಒಂದು ಎಳೆ ಕಡಿದರೆ ಸಾಕು, ತೊಳೆದ ಮೇಲೆ ತೂತು ದೊಡ್ಡದಾಗುತ್ತದೆ. ಬಾಲ್ ಪಾಯಿಂಟ್ ಸೂಜಿಯ ಮೊನೆ ಸ್ವಲ್ಪ ದುಂಡಗೆ. ಅದು ಎಳೆಯನ್ನು ಕಡಿಯದೆ ಪಕ್ಕಕ್ಕೆ ಸರಿಸಿ ಒಳಗೆ ಹೋಗುತ್ತದೆ. ಕಾಟನ್ ಟೀ ಶರ್ಟ್, ಬನಿಯನ್, ಹೊಸೈರಿ ನೈಟಿಗೆ ಇದು ಸಾಕು. ಜರ್ಸಿ ಸೂಜಿ ಅಂತಲೂ ಇದನ್ನು ಕರೆಯುತ್ತಾರೆ.

ಲೆಗ್ಗಿಂಗ್ಸ್, ಈಜುಡುಗೆಯಂಥ ಲೈಕ್ರಾ ಬಟ್ಟೆಗೆ ಸ್ಟ್ರೆಚ್ ಸೂಜಿಯೇ ಬೇಕು. ಇದರ ಮೊನೆಯೂ ದುಂಡಗೆ, ಜೊತೆಗೆ ಕಣ್ಣಿನ ಹಿಂದಿನ ಹಳ್ಳ ಜಾಸ್ತಿ ಆಳ. ಹಾಗಾಗಿ ಕೊಕ್ಕೆ ಸೂಜಿಗೆ ತೀರಾ ಹತ್ತಿರ ಬಂದು ಸಣ್ಣ ಕುಣಿಕೆಯನ್ನೂ ಹಿಡಿಯುತ್ತದೆ. ಷ್ಮೆಟ್ಸ್ ಕಂಪನಿಯ ಸೂಜಿಯಲ್ಲಿ ಸ್ಟ್ರೆಚ್‌ಗೆ ಹಳದಿ ಪಟ್ಟಿ, ಜರ್ಸಿಗೆ ಕಿತ್ತಳೆ ಪಟ್ಟಿ.

ನಂಬರ್ ಸುಲಭ. 75/11 ಅಂದರೆ ಸೂಜಿ 0.75 ಮಿಲಿಮೀಟರ್ ದಪ್ಪ. ತೆಳು ಬಟ್ಟೆಗೆ ಅದು, ದಪ್ಪ ಟ್ರ್ಯಾಕ್ ಪ್ಯಾಂಟಿಗೆ 90/14. ಅಂಗಡಿಯಲ್ಲಿ ಬರೀ "14 ನಂಬರ್ ಕೊಡಿ" ಅನ್ನಬೇಡಿ, ಮಾಮೂಲಿ ಸೂಜಿಯೇ ಕೈಗೆ ಬರುತ್ತದೆ. ಬಾಲ್ ಪಾಯಿಂಟೋ ಸ್ಟ್ರೆಚ್ಚೋ ಅಂತ ಬಾಯಿ ಬಿಟ್ಟು ಹೇಳಿ. ನಮ್ಮ ಕಡೆ ಮಳೆಗಾಲದ ಥಂಡಿಗೆ ಸೂಜಿ ಬೇಗ ತುಕ್ಕು ಹಿಡಿಯುತ್ತದೆ ಅಲ್ವಾ, ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಉಗುರಿನ ಮೇಲೆ ಮೊನೆ ಎಳೆದಾಗ ಗೀರು ಬಿದ್ದರೆ ಆ ಸೂಜಿ ಎಸೆಯಿರಿ.

ಮೊದಲು ಅದೇ ಬಟ್ಟೆಯ ತುಂಡೊಂದನ್ನು ಹೊಲಿದು ಎರಡೂ ಕೈಯಲ್ಲಿ ಎಳೆದು ನೋಡಿ. ಹೊಲಿಗೆ ತಪ್ಪಿದ್ದರೆ ಸೂಜಿ ಬದಲಿಸಿ. ಹೊಲಿಗೆ ಸರಿಯಿದ್ದೂ ದಾರ ಪಟ್ ಅಂತ ತುಂಡಾದರೆ ಅದು ಸೂಜಿಯ ತಪ್ಪಲ್ಲ. ಪಾಲಿಯೆಸ್ಟರ್ ದಾರ ಹಾಕಿ, ಅಗಲ ಕಡಿಮೆ ಇಟ್ಟು ಜಿಗ್‌ಜ್ಯಾಗ್ ಹೊಲಿಯಿರಿ.