ರೆಸ್ಕ್ಯೂ ಡಿಸ್ಕ್: ಕಂಪ್ಯೂಟರು ಚೆನ್ನಾಗಿರುವಾಗಲೇ ಮಾಡಿಟ್ಟುಕೊಳ್ಳಬೇಕಾದದ್ದು

ಗುಬ್ಬಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅಪ್ಪನ ಆರು ವರ್ಷದ ಕೊಬ್ಬರಿ ಲೆಕ್ಕವಿದೆ. ತಿಪಟೂರು ಮಾರುಕಟ್ಟೆಗೆ ಹೋದ ಚೀಲಗಳೆಷ್ಟು, ಬಂದ ಹಣವೆಷ್ಟು, ಬಾಕಿ ಯಾರದು, ಎಲ್ಲವೂ ಅದರಲ್ಲೇ. ಕಳೆದ ಬೇಸಿಗೆಯಲ್ಲಿ ವಿಂಡೋಸ್ ಅಪ್‌ಡೇಟ್ ನಡೆಯುತ್ತಿದ್ದಾಗ ಕರೆಂಟ್ ಹೋಯಿತು. ಮತ್ತೆ ಆನ್ ಮಾಡಿದರೆ ನೀಲಿ ಪರದೆ, ತಾನಾಗಿಯೇ ರೀಸ್ಟಾರ್ಟ್, ಮತ್ತೆ ನೀಲಿ ಪರದೆ. ತುಮಕೂರಿನ ಅಂಗಡಿಯೊಂದಕ್ಕೆ ಹೊತ್ತುಕೊಂಡು ಹೋದೆವು. ‘ಫಾರ್ಮ್ಯಾಟ್ ಮಾಡಬೇಕು, ಒಳಗಿರುವುದೆಲ್ಲ ಹೋಗುತ್ತದೆ’ ಎಂದರು. ಅಪ್ಪ ಮಾತನಾಡಲಿಲ್ಲ. ಅಂದು ಸಂಜೆ ಸಹಪಾಠಿಯೊಬ್ಬ ತನ್ನ ಪೆನ್‌ಡ್ರೈವ್ ಹಾಕಿ ಅದೇ ಕಂಪ್ಯೂಟರನ್ನು ಎಬ್ಬಿಸಿದ. ಲೆಕ್ಕದ ಫೈಲುಗಳೆಲ್ಲ ಇದ್ದಲ್ಲೇ ಇದ್ದವು. ಕೆಟ್ಟಿದ್ದದ್ದು ವಿಂಡೋಸ್ ಮಾತ್ರ. ಹೀಗೆ ಕೆಟ್ಟ ಕಂಪ್ಯೂಟರನ್ನು ಎಬ್ಬಿಸುವ ಪೆನ್‌ಡ್ರೈವನ್ನೇ ರೆಸ್ಕ್ಯೂ ಡಿಸ್ಕ್ ಎನ್ನುವುದು.

ಇದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು ‘ಬೂಟ್’, ಅಂದರೆ ಕಂಪ್ಯೂಟರು ಶುರುವಾಗುವ ಕ್ರಮ, ಎಂಬುದನ್ನು ಸರಿಯಾಗಿ ಬಿಡಿಸಿಕೊಳ್ಳಬೇಕು. ಸ್ವಿಚ್ ಒತ್ತಿದೊಡನೆ ಓಡುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರ್ ಎಂಬ ಪುಟ್ಟ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಅದು ಬಯೋಸ್, ಈಗಿನವುಗಳಲ್ಲಿ ಯುಇಎಫ್‌ಐ. ಬಯೋಸ್ ಡಿಸ್ಕಿನ ಮೊದಲ 512 ಬೈಟುಗಳನ್ನು ಮಾತ್ರ ಓದುತ್ತದೆ. ಅದರಲ್ಲಿ ಮೊದಲ 446 ಬೈಟು ಬೂಟ್ ಕೋಡ್, ನಂತರದ 64 ಬೈಟು ಪಾರ್ಟಿಷನ್ (ಡಿಸ್ಕಿನ ವಿಭಾಗ) ಪಟ್ಟಿ, ಕೊನೆಯ 2 ಬೈಟು ‘ಇಲ್ಲಿಂದ ಬೂಟ್ ಆಗಬಹುದು’ ಎನ್ನುವ ಗುರುತು. ಯುಇಎಫ್‌ಐ ಹಾಗಲ್ಲ. ಅದಕ್ಕೆ ಫ್ಯಾಟ್ ಎಂಬ ಮಾದರಿಯಲ್ಲಿ ಫೈಲುಗಳನ್ನು ಜೋಡಿಸಿಟ್ಟ ಪಾರ್ಟಿಷನ್ನನ್ನು ಓದಲು ಬರುತ್ತದೆ. ಪೆನ್‌ಡ್ರೈವಿನಲ್ಲಿ ‘ಇಎಫ್‌ಐ’ ಫೋಲ್ಡರು, ಅದರೊಳಗೆ ‘ಬೂಟ್’ ಫೋಲ್ಡರು, ಅದರೊಳಗೆ ನಿಗದಿಯಾದ ಹೆಸರಿನ ಬೂಟ್ ಫೈಲು ಇದೆಯೇ ಎಂದು ಹುಡುಕಿ ಅದನ್ನೇ ಓಡಿಸುತ್ತದೆ.

ಹಾರ್ಡ್‌ಡಿಸ್ಕಿನಲ್ಲಿ ವಿಂಡೋಸ್ ಹಾಳಾದರೂ ಚಿಪ್ಪಿನಲ್ಲಿರುವ ಫರ್ಮ್‌ವೇರ್‌ಗೆ ಏನೂ ಆಗಿರುವುದಿಲ್ಲ. ‘ಈ ಸಲ ಪೆನ್‌ಡ್ರೈವಿನಿಂದ ಶುರು ಮಾಡು’ ಎಂದರೆ ಅದು ಮಾಡುತ್ತದೆ. ಪೆನ್‌ಡ್ರೈವಿನಲ್ಲಿರುವ ಪುಟ್ಟ ಆಪರೇಟಿಂಗ್ ಸಿಸ್ಟಂ ರ‍್ಯಾಮಿಗೆ ಬಂದು ಕೆಲಸ ಮಾಡುತ್ತದೆ, ಹಾರ್ಡ್‌ಡಿಸ್ಕು ಆಗ ಬರಿಯ ಉಗ್ರಾಣ. ಮುಂಬಾಗಿಲ ಬೀಗ ಜಾಮ್ ಆದ ಮನೆಗೆ ಹಿತ್ತಲ ಬಾಗಿಲಿನಿಂದ ಹೋಗಿ ಸಾಮಾನು ಹೊರತಂದಂತೆ. ಬೀಗ ರಿಪೇರಿಯನ್ನು ನಾಳೆ ನೋಡಿಕೊಳ್ಳಬಹುದು.

‘ಡಿಸ್ಕ್’ ಎಂಬ ಹೆಸರು ಸಿಡಿಯ ಕಾಲದ್ದು. ಸಿಡಿಯಿಂದ ಬೂಟ್ ಮಾಡುವ ‘ಎಲ್ ಟೊರಿಟೊ’ ಎಂಬ ನಿಯಮಾವಳಿ ಬಂದದ್ದು 1995ರಲ್ಲಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲದ್ದರಿಂದ ಪೆನ್‌ಡ್ರೈವೇ ಗತಿ.

ಎರಡು ಬಗೆಯದನ್ನು ಮಾಡಿಕೊಳ್ಳಬಹುದು. ಮೊದಲನೆಯದು ವಿಂಡೋಸ್ ತಾನೇ ಮಾಡಿಕೊಡುವ ರಿಕವರಿ ಡ್ರೈವ್. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರನ್ನು ಹುಡುಕಿದರೆ ಸಿಗುತ್ತದೆ. ಸಿಸ್ಟಂ ಫೈಲುಗಳೂ ಸೇರಬೇಕಾದರೆ ಕನಿಷ್ಠ 16 ಜಿಬಿ ಪೆನ್‌ಡ್ರೈವ್ ಬೇಕು, ಅದರಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ವಿಂಡೋಸನ್ನು ಸರಿಪಡಿಸಲು ಇದು ಒಳ್ಳೆಯದು. ಫೈಲುಗಳನ್ನು ಹೊರಗೆ ತೆಗೆಯಲು ಮಾತ್ರ ನಾನು ಎರಡನೆಯದನ್ನೇ ನಂಬುತ್ತೇನೆ: ಸಿಸ್ಟಂರೆಸ್ಕ್ಯೂ ಎಂಬ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಹಾರ್ಡ್‌ಡಿಸ್ಕಿನ ನಕಲು ತೆಗೆಯುವ ಡಿಡಿರೆಸ್ಕ್ಯೂ, ಅಳಿಸಿಹೋದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್ ಎಲ್ಲವೂ ಅದರಲ್ಲೇ ಇವೆ.

ಅದರ ಅಧಿಕೃತ ತಾಣದಿಂದ ಐಎಸ್‌ಒ ಫೈಲನ್ನು ಇಳಿಸಿಕೊಂಡ ಮೇಲೆ ಅದರ ಎಸ್‌ಎಚ್‌ಎ-256 ಮೊತ್ತವನ್ನು, ಅಂದರೆ ಫೈಲಿನಿಂದ ಲೆಕ್ಕಹಾಕಿ ತೆಗೆದ ಗುರುತಿನ ಸಾಲನ್ನು, ತಾಳೆ ನೋಡಿ. 64 ಅಕ್ಷರಗಳ ಆ ಸಾಲು ತಾಣದಲ್ಲಿ ಕೊಟ್ಟದ್ದಕ್ಕೆ ಹೊಂದದಿದ್ದರೆ ಫೈಲು ಪೂರ್ತಿ ಬಂದಿಲ್ಲ ಅಥವಾ ಬದಲಾಗಿದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸಿಕೊಳ್ಳುವ ನಮ್ಮಂಥವರು ಈ ಹೆಜ್ಜೆಯನ್ನು ಬಿಡಬಾರದು.

ನಮ್ಮ ತರಗತಿಯಲ್ಲಿ ಹೆಚ್ಚಿನವರು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಐಎಸ್‌ಒ ಫೈಲನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ ‘ಬೂಟ್ ಆಗುತ್ತಿಲ್ಲ’ ಎಂದು ಕುಳಿತಿದ್ದರು. ಆಗುವುದೂ ಇಲ್ಲ. ಐಎಸ್‌ಒ ಎಂದರೆ ಇಡೀ ಡಿಸ್ಕಿನ ಪಡಿಯಚ್ಚು. ಅದನ್ನು ಹಾಗೇ ಕಾಪಿ ಮಾಡಿದರೆ ಫರ್ಮ್‌ವೇರ್‌ಗೆ ಕಾಣುವುದು ಒಂದು ದೊಡ್ಡ ಫೈಲು ಮಾತ್ರ. ಅದು ಹುಡುಕುವ 512 ಬೈಟೂ ಇಲ್ಲ, ಫೋಲ್ಡರೂ ಇಲ್ಲ. ಅಚ್ಚನ್ನು ಬಿಚ್ಚಿ ಬರೆಯಲು ರೂಫಸ್ ಎಂಬ ಉಚಿತ ತಂತ್ರಾಂಶ ಬೇಕು. ವೆಂಟಾಯ್ ಎಂಬ ಇನ್ನೊಂದು ತಂತ್ರಾಂಶ ಬಳಸುವವರು ಐಎಸ್‌ಒ ಕಾಪಿ ಮಾಡಿಯೇ ಬೂಟ್ ಮಾಡುತ್ತಾರಲ್ಲ ಎಂದು ಒಬ್ಬಳು ಕೇಳಿದಳು, ಒಳ್ಳೆಯ ಪ್ರಶ್ನೆ. ವೆಂಟಾಯ್ ಮೊದಲೇ ತನ್ನ ಬೂಟ್ ಲೋಡರನ್ನು (ಆಪರೇಟಿಂಗ್ ಸಿಸ್ಟಂ ಶುರು ಮಾಡುವ ಪುಟ್ಟ ಪ್ರೋಗ್ರಾಂ) ಪೆನ್‌ಡ್ರೈವಿನಲ್ಲಿ ಕೂರಿಸಿರುತ್ತದೆ, ಐಎಸ್‌ಒ ತೆರೆಯುವುದು ಅದು, ಫರ್ಮ್‌ವೇರ್ ಅಲ್ಲ.

ಬರೆದ ದಿನವೇ ಅದರಿಂದ ಒಮ್ಮೆ ಬೂಟ್ ಮಾಡಿ ನೋಡಿ. ಕಂಪ್ಯೂಟರು ಆನ್ ಆಗುವಾಗ ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಬೂಟ್ ಮೆನು ಬರುತ್ತದೆ. ಸೆಕ್ಯೂರ್ ಬೂಟ್ ಇದ್ದರೆ ಅದು ಸಹಿಯಿಲ್ಲದ ಬೂಟ್ ಲೋಡರನ್ನು ತಡೆಯುತ್ತದೆ, ತಾತ್ಕಾಲಿಕವಾಗಿ ಆಫ್ ಮಾಡಬೇಕಾಗುತ್ತದೆ. ಅದಕ್ಕೆ ಕೈಹಾಕುವ ಮೊದಲು ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದೆಯೇ ನೋಡಿಕೊಳ್ಳಿ. ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ಮೇಲೆಯೇ ಮುಂದಿನ ಕೆಲಸ. ಆ ಕೀ ಇಲ್ಲದಿದ್ದರೆ ರೆಸ್ಕ್ಯೂ ಡಿಸ್ಕಿಗೂ ನಿಮ್ಮ ಫೈಲುಗಳು ಕಾಣುವುದಿಲ್ಲ.

ಕಷ್ಟದ ದಿನ ಬಂದಾಗ ಮೊದಲು ಫೈಲು, ಆಮೇಲೆ ರಿಪೇರಿ. ಹಾರ್ಡ್‌ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಡಿಸ್ಕಿನ ದೋಷ ಸರಿಪಡಿಸುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಲೇಬೇಡಿ. ಸಾಯುತ್ತಿರುವ ಡಿಸ್ಕನ್ನು ಅದು ಇನ್ನಷ್ಟು ದುಡಿಸುತ್ತದೆ, ಅದರ ಮೇಲೆ ಬರೆಯಲೂ ತೊಡಗುತ್ತದೆ. ಡಿಡಿರೆಸ್ಕ್ಯೂ ಮೊದಲು ಸುಲಭವಾಗಿ ಓದಬರುವ ಭಾಗಗಳನ್ನು ಬೇರೆ ಡಿಸ್ಕಿಗೆ ನಕಲಿಸಿ, ಹಠ ಮಾಡುವ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಆ ಮ್ಯಾಪ್ ಫೈಲನ್ನು ರ‍್ಯಾಮಿನಲ್ಲಿ ಬಿಡದೆ ನಕಲು ಹೋಗುತ್ತಿರುವ ಹೊರಗಿನ ಡಿಸ್ಕಿನಲ್ಲೇ ಇಡಿ. ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು, ನಮ್ಮ ಊರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಡಿಸ್ಕು ಗಟ್ಟಿಯಾಗಿದ್ದರೆ ನೇರವಾಗಿ ಕಾಪಿ ಮಾಡಿದರೆ ಸಾಕು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ (ಬೇಗ ಆನ್ ಆಗಲೆಂದು ಪೂರ್ತಿ ಮುಚ್ಚದೆ ಉಳಿಯುವ ವ್ಯವಸ್ಥೆ) ಡಿಸ್ಕು ಓದಲು ಮಾತ್ರ ತೆರೆದುಕೊಂಡರೆ ಗಾಬರಿ ಬೇಡ, ನಮಗೆ ಬೇಕಿರುವುದು ಓದುವುದೇ.

ಕನ್ನಡದವರಿಗೆ ಒಂದು ಮಾತು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ದಾಖಲೆಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದಿದ್ದರೆ ಫಾಂಟುಗಳನ್ನೂ ಜೊತೆಗೆ ತನ್ನಿ, ಅವು ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಎಂಬಲ್ಲಿರುತ್ತವೆ. ಅಪ್ಪನ ಲೆಕ್ಕ ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡು ಎದೆ ಧಸಕ್ಕೆಂದಿತ್ತು. ಫಾಂಟ್ ಹಾಕಿದ ಮೇಲೆ ‘ಕೊಬ್ಬರಿ, 12 ಚೀಲ’ ಎಂಬ ಸಾಲು ಮೂಡಿತು.