ಅಂಬ್ರೆಲಾ ಫ್ರಾಕಿನ ಅಂಚು ನಾಲ್ಕು ಕಡೆ ಇಳಿಬೀಳುವುದೇಕೆ?

ಓದುಗರ ಪ್ರಶ್ನೆ: ಜಾರ್ಜೆಟ್ ಬಟ್ಟೆಯಲ್ಲಿ ಪೂರ್ತಿ ವೃತ್ತದ ಅಂಬ್ರೆಲಾ ಫ್ರಾಕ್ ಹೊಲಿಸಿದ್ದೆ. ತಂದ ದಿನ ಸಮವಾಗಿದ್ದ ಕೆಳಗಿನ ಅಂಚು ಕೆಲವೇ ದಿನಗಳಲ್ಲಿ ನಾಲ್ಕು ಕಡೆ ಇಳಿಬಿದ್ದಿದೆ. ಇದು ಕಟಿಂಗ್ ತಪ್ಪೇ, ಬಟ್ಟೆಯ ದೋಷವೇ?

ಮದುವೆಯ ಕಾಲ ಬಂತೆಂದರೆ ಈ ಪ್ರಶ್ನೆಯೂ ತಪ್ಪದೆ ಬರುತ್ತದೆ, ಅದರ ಹಿಂದೆಯೇ ಟೈಲರ್ ಮೇಲಿನ ದೂರೂ ಬರುತ್ತದೆ. ಕಟಿಂಗ್ ಸರಿಯಾಗಿಯೇ ಇದೆ, ಬಟ್ಟೆಯಲ್ಲೂ ದೋಷವಿಲ್ಲ; ತಪ್ಪಿರುವುದು ಅವಸರದಲ್ಲಿ. ನೇಯ್ದ ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡೇ ದಿಕ್ಕಿನ ಎಳೆಗಳಿರುತ್ತವೆ. ಅದರಲ್ಲಿ ವೃತ್ತವನ್ನು ಕತ್ತರಿಸಿ ಸೊಂಟದಿಂದ ತೂಗಿಬಿಟ್ಟಾಗ ಮುಂದೆ, ಹಿಂದೆ ಮತ್ತು ಎರಡು ಪಕ್ಕಗಳಲ್ಲಿ ಯಾವುದೋ ಒಂದು ದಿಕ್ಕಿನ ಎಳೆ ನೇರವಾಗಿ ನಿಂತು ಭಾರವನ್ನು ಹೊರುತ್ತದೆ. ಈ ನಾಲ್ಕು ಜಾಗಗಳ ನಡುವಿನ ನಾಲ್ಕು ಮೂಲೆಗಳಲ್ಲಿ ಮಾತ್ರ ಭಾರವು ಎಳೆಗಳಿಗೆ ಓರೆಯಾಗಿ, ಅಂದರೆ ಟೈಲರುಗಳು ಹೇಳುವ ಕ್ರಾಸ್ ದಿಕ್ಕಿನಲ್ಲಿ ಬೀಳುವುದರಿಂದ ಬಟ್ಟೆ ಅಲ್ಲೇ ಇಳಿಯುತ್ತದೆ. ಸೊಂಟಪಟ್ಟಿ ಹಚ್ಚಿದ ಮೇಲೆ ಕನಿಷ್ಠ ಒಂದು ದಿನ ಫ್ರಾಕನ್ನು ತೂಗುಹಾಕಿ, ಇಳಿಯುವಷ್ಟು ಇಳಿಯಲು ಬಿಟ್ಟು, ಉಡುವವರ ಮೈಮೇಲೆಯೇ ನೆಲದಿಂದ ಸುತ್ತಲೂ ಒಂದೇ ಎತ್ತರಕ್ಕೆ ಗುರುತು ಹಾಕಿ, ಹೆಚ್ಚುವರಿಯನ್ನು ಕತ್ತರಿಸಿ, ಆಮೇಲೆ ಹೆಮ್ಮಿಂಗ್ ಮಾಡಬೇಕು. ನಿಮ್ಮ ಫ್ರಾಕನ್ನು ಈಗಲೂ ಹೀಗೆಯೇ ಸರಿಪಡಿಸಿಕೊಳ್ಳಬಹುದು.

ಉತ್ತರ ಇಷ್ಟೇ. ಆದರೆ ಇದನ್ನು ಹೇಳಿದ ಕೂಡಲೇ "ಹಾಗಾದರೆ ಕ್ರಾಸ್‌ನಲ್ಲಿ ಎಳೆ ಹಿಗ್ಗುತ್ತದೆ ಎಂದಾಯಿತಲ್ಲ" ಎಂಬ ಮಾತು ಬಂದೇ ಬರುತ್ತದೆ. ಇಲ್ಲ, ಹಾಗಾಗುವುದಿಲ್ಲ. ಫ್ಯಾಷನ್ ಡಿಸೈನ್ ತರಗತಿಗೆ ಬರುವ ಹತ್ತರಲ್ಲಿ ಎಂಟು ಮಂದಿ ಈ ನಂಬಿಕೆಯನ್ನು ಹೊತ್ತೇ ಬರುತ್ತಾರೆ. ಕೆಲವರು ಪದವಿ ಮುಗಿದ ಮೇಲೂ ಅದನ್ನು ಬಿಡುವುದಿಲ್ಲ. ಓರೆಯಾಗಿ ಕತ್ತರಿಸಿದ ಮಾತ್ರಕ್ಕೆ ಬಟ್ಟೆಗೆ ಎಲಾಸ್ಟಿಕ್‌ನ ಗುಣ ಬಂದುಬಿಡುತ್ತದೆ, ಆದ್ದರಿಂದ ಅಳತೆಯಲ್ಲಿ ಒಂದು ಇಂಚು ಕಡಿಮೆ ಮಾಡಿದರೂ ಮೈಗೆ ಹೊಂದುತ್ತದೆ ಎಂಬುದು ಅದರ ಪೂರ್ಣರೂಪ. ಎಷ್ಟು ಒಳ್ಳೆಯ ಕ್ರೇಪ್ ಇದರಿಂದ ಹಾಳಾಗಿದೆಯೋ ಲೆಕ್ಕವಿಲ್ಲ.

ದಯವಿಟ್ಟು ಒಂದು ಹತ್ತಿ ಕರವಸ್ತ್ರವನ್ನು ತೆಗೆದುಕೊಂಡು, ಎಳೆಗಳ ಜಾಡು ಹಿಡಿದು, ಅದರ ಮೇಲೆ ಪೆನ್ನಿನಿಂದ 10 ಸೆಂಟಿಮೀಟರ್‌ನ ಒಂದು ಚೌಕ ಬರೆಯಿರಿ. ಅದರ ಎರಡೂ ಕರ್ಣಗಳು 14.1 ಸೆಂಟಿಮೀಟರ್ ಇರುತ್ತವೆ. ಈಗ ಚೌಕದ ಎದುರುಬದುರು ಮೂಲೆಗಳನ್ನು ಹಿಡಿದು, ಒಂದು ಕರ್ಣ 16 ಸೆಂಟಿಮೀಟರ್ ಆಗುವವರೆಗೆ ಎಳೆದು, ಇನ್ನೊಂದು ಕರ್ಣವನ್ನು ಅಳೆಯಿರಿ. ಅದು 12ರ ಆಸುಪಾಸಿಗೆ ಇಳಿದಿರುತ್ತದೆ. ಆಮೇಲೆ ಚೌಕದ ನಾಲ್ಕು ಬದಿಗಳನ್ನೂ ಅಳೆದು ನೋಡಿದರೆ ಅವು ಮೊದಲಿದ್ದ 10 ಸೆಂಟಿಮೀಟರ್‌ನಲ್ಲೇ ಇರುತ್ತವೆ. ಎಳೆ ಹಿಗ್ಗಿದ್ದರೆ ಬದಿಗಳೂ ಬೆಳೆಯಬೇಕಿತ್ತು. ಬದಲಾದದ್ದು ಎಳೆಗಳ ನಡುವಿನ ಕೋನ ಮಾತ್ರ. ಅಂಗಡಿಯ ಜಾಲರಿ ಗೇಟನ್ನು ಎಳೆದಾಗ ಅದರ ಕಬ್ಬಿಣದ ಪಟ್ಟಿಗಳು ಉದ್ದವಾಗುವುದಿಲ್ಲ, ಆದರೂ ಗೇಟು ಬಾಗಿಲಿನ ಅಗಲಕ್ಕೆ ಚಾಚಿಕೊಳ್ಳುತ್ತದೆಯಲ್ಲವೇ? ಇದೂ ಹಾಗೆಯೇ.

ಆದ್ದರಿಂದ ಉದ್ದದಲ್ಲಿ ಗಳಿಸಿದ್ದನ್ನು ಬಟ್ಟೆ ಅಗಲದಲ್ಲಿ ಕಳೆದುಕೊಳ್ಳುತ್ತದೆ, ಅಗಲದಲ್ಲಿ ಗಳಿಸಿದ್ದನ್ನು ಉದ್ದದಲ್ಲಿ. ಒಂದು ಇಂಚು ಬಿಗಿಯಾಗಿ ಕತ್ತರಿಸಿದ ಕ್ರಾಸ್ ಫ್ರಾಕು ಪೃಷ್ಠದ ಮೇಲೆ ಅಗಲವಾಗಲೇಬೇಕಾದಾಗ ಅಲ್ಲಿ ಮೇಲಕ್ಕೆ ಏರುತ್ತದೆ. ಅದರ ಕೆಳಗೆ ತಡೆಯಿಲ್ಲದೆ ತೂಗುವ ಭಾಗವು ತನ್ನದೇ ಭಾರಕ್ಕೆ ಉದ್ದವಾಗಿ ಕಿರಿದಾಗುತ್ತದೆ. ಎರಡೂ ಸೇರುವಲ್ಲಿ ಅಡ್ಡ ಸುಕ್ಕುಗಳು ಏಳುತ್ತವೆ. ಕ್ರಾಸ್‌ನಲ್ಲಿ ಕತ್ತರಿಸುವಾಗ ಅಳತೆಯನ್ನು ಕಡಿಮೆ ಮಾಡುವುದಲ್ಲ, ಇಳಿದ ಮೇಲೆ ಕಿರಿದಾಗಲಿರುವ ಬಟ್ಟೆಗೆ ತುಸು ಹೆಚ್ಚೇ ಬಿಡಬೇಕು ಎಂದು ಬೋರ್ಡಿನ ಮೇಲೆ ಬರೆದು ಬರೆದು ಸುಣ್ಣದ ಕಡ್ಡಿ ಸವೆದದ್ದೇ ಬಂತು. ಯಾವ ಬಟ್ಟೆಯಾದರೂ ಕ್ರಾಸ್‌ನಲ್ಲಿ ಚೆನ್ನಾಗಿ ಬೀಳುತ್ತದೆ ಎಂಬುದೂ ಸುಳ್ಳು: ಒತ್ತಾಗಿ ನೇಯ್ದ ಪಾಪ್ಲಿನ್‌ನಲ್ಲಿ ಎಳೆಗಳು ಸ್ವಲ್ಪ ತಿರುಗುವಷ್ಟರಲ್ಲೇ ಒಂದಕ್ಕೊಂದು ತಾಗಿ ನಿಂತುಬಿಡುತ್ತವೆ, ಕ್ರೇಪ್ ಮತ್ತು ಜಾರ್ಜೆಟ್‌ಗಳಲ್ಲಿ ಅವಕ್ಕೆ ತಿರುಗಲು ಜಾಗವಿರುತ್ತದೆ.

ಕತ್ತರಿಯನ್ನು ಓರೆಯಾಗಿ ಓಡಿಸಿದ್ದರಿಂದ ಈ ಗುಣ ಬರುತ್ತದೆ ಎಂದು ಇನ್ನೂ ಅನ್ನಿಸುತ್ತಿದ್ದರೆ ಪ್ಯಾರಿಸ್ಸಿನ ಮದಲೆನ್ ವಿಯೊನೆ ಅವರ ಕೆಲಸವನ್ನು ಗಮನಿಸಬೇಕು. 1912ರಲ್ಲಿ ತಮ್ಮ ಉಡುಪಿನ ಸಂಸ್ಥೆಯನ್ನು ತೆರೆದು 1939ರಲ್ಲಿ ಮುಚ್ಚಿದ ಇವರೇ ಕ್ರಾಸ್ ಕಟಿಂಗ್ ಕಂಡುಹಿಡಿದರು ಎಂಬ ಮಾತು ಸರಿಯಲ್ಲ. ಕಾಲರು, ಪೈಪಿಂಗ್‌ಗಳಿಗೆ ಓರೆಪಟ್ಟಿಯ ಬಳಕೆ ಅದಕ್ಕಿಂತ ಮೊದಲೇ ಇತ್ತು. ಇಡೀ ಉಡುಪನ್ನೇ ಓರೆಯಲ್ಲಿ ತೂಗಿಸುವ ಪ್ರಯೋಗವನ್ನು ಕೊನೆಮುಟ್ಟಿಸಿದ್ದು ಅವರ ಹೆಚ್ಚುಗಾರಿಕೆ. ಚಿಕ್ಕ ಮರದ ಬೊಂಬೆಯೊಂದರ ಮೇಲೆ ಬಟ್ಟೆಯನ್ನು ಸುತ್ತಿ ನೋಡುತ್ತಾ ಅವರು ವಿನ್ಯಾಸ ಮಾಡುತ್ತಿದ್ದರು; ಸಾಮಾನ್ಯಕ್ಕಿಂತ ಬಹಳ ಅಗಲವಾದ ಕ್ರೇಪ್ ಅನ್ನು ವಿಶೇಷವಾಗಿ ನೇಯಿಸಿಕೊಳ್ಳುತ್ತಿದ್ದರು. ಅವರ ಪ್ರಸಿದ್ಧ ಉಡುಪೊಂದರಲ್ಲಿ ಇರುವುದು ರೇಷ್ಮೆ ಕ್ರೇಪ್‌ನ ನಾಲ್ಕು ಚೌಕಗಳು ಮಾತ್ರ. ಆ ಚೌಕಗಳನ್ನು ಕತ್ತರಿಸಿರುವುದು ಎಳೆಯ ನೇರಕ್ಕೇ, ಆದರೆ ತೂಗಿಸಿರುವುದು ಮೂಲೆಯಿಂದ. ಅಲ್ಲಿ ಓರೆಯಾಗಿರುವುದು ಬಟ್ಟೆ ತೂಗುವ ದಿಕ್ಕೇ ಹೊರತು ಕತ್ತರಿಯ ದಾರಿಯಲ್ಲ.

ಯಾರೂ ಕೇಳದಿದ್ದರೂ ಇಲ್ಲಿ ಚೂಡಿದಾರದ ವಿಷಯವನ್ನು ಹೇಳಲೇಬೇಕಾಗಿದೆ, ಏಕೆಂದರೆ ವಿಯೊನೆ ಹೆಸರನ್ನು ಭಕ್ತಿಯಿಂದ ಉಚ್ಚರಿಸುವ ವಿದ್ಯಾರ್ಥಿಗಳು ತಮ್ಮ ಅಜ್ಜಿಯ ಟ್ರಂಕಿನಲ್ಲಿರುವ ಹಳೆಯ ಚೂಡಿದಾರವನ್ನು ಬಿಚ್ಚಿ ನೋಡಿರುವುದಿಲ್ಲ. ಹಿಂದಿನ ಕ್ರಮದ ಚೂಡಿದಾರಕ್ಕೆ ಟೈಲರು ಮೊದಲು ಬಟ್ಟೆಯನ್ನು ಕತ್ತರಿಸುವುದೇ ಇಲ್ಲ. ಬಟ್ಟೆಯ ತುದಿಯನ್ನು ತ್ರಿಕೋನವಾಗಿ ಮಡಿಸಿ, ಅಂಚಿಗೆ ಅಂಚನ್ನು ಕೂಡಿಸಿ, ಸುತ್ತುತ್ತಾ ಹೊಲಿದು ಅದನ್ನೊಂದು ಉದ್ದನೆಯ ಚೀಲವಾಗಿಸುತ್ತಾನೆ. ಹೊಲಿಗೆ ಚೀಲದ ಮೇಲೆ ಸುರುಳಿಯಾಗಿ ಸಾಗುತ್ತದೆ, ಎಳೆಗಳೆಲ್ಲ ಓರೆಯಾಗಿ ನಿಲ್ಲುತ್ತವೆ. ಆಮೇಲೆ ಒಂದು ಕಾಲಿನ ಕಿರಿದಾದ ತುದಿ ಇನ್ನೊಂದು ಕಾಲಿನ ಅಗಲವಾದ ತುದಿಯ ಪಕ್ಕಕ್ಕೆ ಬರುವಂತೆ ಎರಡನ್ನೂ ಅದೇ ಚೀಲದಿಂದ ಕತ್ತರಿಸುತ್ತಾನೆ. ಸಾಮಾನ್ಯ ಕ್ರಾಸ್ ಕಟಿಂಗ್‌ನಲ್ಲಿ ಮೂಲೆಗಳಲ್ಲಿ ಉಳಿದು ಕಸವಾಗುವ ತ್ರಿಕೋನಗಳು ಇಲ್ಲಿ ಚೀಲದೊಳಗೇ ಸೇರಿಹೋಗಿರುತ್ತವೆ. ಕಸವಿಲ್ಲದ ಕಟಿಂಗ್ ಎಂದು ಇಂದು ಪ್ರಯೋಗಶೀಲ ವಿನ್ಯಾಸಕರು ಹುಡುಕುತ್ತಿರುವುದಕ್ಕೆ ಇದಕ್ಕಿಂತ ಹತ್ತಿರದ ಪಾಠ ನನಗೆ ತಿಳಿದಿಲ್ಲ.

ಇಂದಿನ ಲೆಗ್ಗಿಂಗ್ಸ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ನೇಯ್ದದ್ದಲ್ಲ, ಹೆಣೆದದ್ದು. ಜೊತೆಗೆ 1958ರಲ್ಲಿ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ ರೂಪಿಸಿದ, ಲೈಕ್ರಾ ಎಂದು ಹೆಸರಾದ ನೂಲು ಅದರಲ್ಲಿರುತ್ತದೆ. ನೂಲೇ ಹಿಗ್ಗುವುದು ಅಲ್ಲಿ ಮಾತ್ರ.

ಕ್ರಾಸ್ ಕಟ್ ಬ್ಲೌಸ್ ಹೊಲಿಸುವವರಿಗೂ ಒಂದು ಮಾತು. ಮುಂಭಾಗದ ತುಂಡುಗಳನ್ನು ಓರೆಯಾಗಿ ಇಡಬೇಕಾದ್ದರಿಂದ 80 ಸೆಂಟಿಮೀಟರ್‌ನ ಬ್ಲೌಸ್ ಪೀಸ್ ಎಲ್ಲರಿಗೂ ಸಾಲುವುದಿಲ್ಲ, ಬಟ್ಟೆ ಸಾಲದು ಎಂದ ಟೈಲರನ್ನು ಅನುಮಾನಿಸಬೇಡಿ. ಆದರೆ ಬಟ್ಟೆ ಉಳಿಸಲೆಂದು ಮೇಲ್ಬಟ್ಟೆಯನ್ನು ಕ್ರಾಸ್‌ನಲ್ಲೂ ಲೈನಿಂಗನ್ನು ನೇರಕ್ಕೂ ಕತ್ತರಿಸಿದ್ದರೆ ಅಗತ್ಯವಾಗಿ ಪ್ರಶ್ನಿಸಿ: ನೇರ ಎಳೆಯ ಲೈನಿಂಗು ಕದಲುವುದಿಲ್ಲ, ಅದರ ಮೇಲಿನ ಬಟ್ಟೆ ಮಾತ್ರ ಇಳಿದು ಟಕ್ಸಿನ ಕೆಳಗೆ ಜೋಲುತ್ತದೆ, ಅದನ್ನು ಯಾವ ಇಸ್ತ್ರಿಯೂ ಸರಿಪಡಿಸಲಾರದು.